ಕೋಲ್ಡ್ ಏರ್ ಇಂಟೇಕ್: ಮೂರು ಕಿಲೋಪಾಸ್ಕಲ್‌ನ ಲೆಕ್ಕ

ಮಿರಮಿರ ಹೊಳೆಯುವ ಅಲ್ಯೂಮಿನಿಯಂ ಪೈಪು, ತುದಿಯಲ್ಲಿ ಕೆಂಪು ಬಣ್ಣದ ಶಂಕುವಿನಾಕಾರದ ಫಿಲ್ಟರು, ನಾಲ್ಕು ಕ್ಲ್ಯಾಂಪು. ಡಬ್ಬಿಯ ಮೇಲೆ ‘10ರಿಂದ 15 ಹಾರ್ಸ್‌ಪವರ್ ಹೆಚ್ಚಳ, ಪಿಕಪ್ ಜೋರು, ಮೈಲೇಜೂ ಉಂಟು’ ಎಂಬ ಭರವಸೆ. ಬೆಲೆ ಕಾರಿಗೆ ತಕ್ಕಂತೆ ಹತ್ತು ಸಾವಿರದಿಂದ ನಲವತ್ತು ಸಾವಿರದ ಆಚೆಗೂ ಹೋಗುತ್ತದೆ. ಕಂಪನಿಯವರು ಕೊಟ್ಟ ಕಪ್ಪು ಪ್ಲಾಸ್ಟಿಕ್ ಫಿಲ್ಟರ್ ಡಬ್ಬಿಯನ್ನು ಕಿತ್ತು ಕೋಲ್ಡ್ ಏರ್ ಇಂಟೇಕ್ ಎಂಬ ಈ ಪೈಪು ಕೂರಿಸಿದರೆ ಕಾರು ನಿಜಕ್ಕೂ ಜೋರಾಗುತ್ತದೆಯೇ?

ಇನ್ನೇನೂ ಬದಲಿಸದ ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ, ಎಕ್ಸಲರೇಟರ್ ಪೂರ್ತಿ ತುಳಿದು 5,000 ಆರ್‌ಪಿಎಂ ದಾಟಿಸಿದಾಗ, ನೂರಕ್ಕೆ ಒಂದರಿಂದ ಮೂರರಷ್ಟು ಪವರ್ ಹೆಚ್ಚಬಹುದು. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಊರಿನ ಓಡಾಟದಲ್ಲಿ ಏನೂ ಹೆಚ್ಚುವುದಿಲ್ಲ. ಪೈಪನ್ನು ಹಾಕಿದ ಜಾಗ ಸರಿಯಿಲ್ಲದಿದ್ದರೆ ಇದ್ದದ್ದೂ ಕಡಿಮೆಯಾಗುತ್ತದೆ. ಹೆಚ್ಚುವುದು ಶಬ್ದ, ಅದು ಮಾತ್ರ ಖಾತ್ರಿ.

ಈ ಒಂದರಿಂದ ಮೂರು ಎಂಬ ಅಂಕಿ ಎಲ್ಲಿಂದ ಬಂತು ಎಂಬುದನ್ನು ಡೈನೋ, ಅಂದರೆ ಕಾರಿನ ಪವರ್ ಅಳೆಯುವ ಯಂತ್ರ, ಇಲ್ಲದೆಯೂ ಲೆಕ್ಕ ಹಾಕಬಹುದು. 1.2 ಲೀಟರ್‌ನ ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ 1.2 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. 6,000 ಆರ್‌ಪಿಎಂನಲ್ಲಿ ನಿಮಿಷಕ್ಕೆ 3,600 ಲೀಟರ್ ಆಯಿತು. ಸಿಲಿಂಡರು ಎಂದೂ ಪೂರ್ತಿ ತುಂಬುವುದಿಲ್ಲವಾದ್ದರಿಂದ ವಾಸ್ತವದಲ್ಲಿ 3,000 ಲೀಟರ್ ಆಸುಪಾಸು. ಅದೇ ಎಂಜಿನ್ ಐಡಲ್‌ನಲ್ಲಿ ಕುಡಿಯುವುದು ನಿಮಿಷಕ್ಕೆ 150 ಲೀಟರ್ ಅಷ್ಟೆ, ಇಪ್ಪತ್ತರಲ್ಲೊಂದು ಪಾಲು. ಫಿಲ್ಟರಿನ ಕಾಗದ ಗಾಳಿಗೆ ತಡೆ ಒಡ್ಡುವುದು ನಿಜ, ಆದರೆ ಆ ತಡೆ ಲೆಕ್ಕಕ್ಕೆ ಬರುವುದು 3,000 ಲೀಟರಿನ ಹತ್ತಿರ ಹೋದಾಗ.

ಹಾಗೆ ಹೋದಾಗ ಎಷ್ಟು ನಷ್ಟ? ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಫಿಲ್ಟರು, ಡಬ್ಬಿ, ಪೈಪು ಎಲ್ಲವನ್ನೂ ದಾಟಿ ಎಂಜಿನ್ ಸೇರುವ ಹೊತ್ತಿಗೆ ಸರಿಯಾಗಿ ವಿನ್ಯಾಸ ಮಾಡಿದ ಕಾರಿನಲ್ಲಿ ಅದು ಎರಡು-ಮೂರು ಕಿಲೋಪಾಸ್ಕಲ್ ಇಳಿಯುತ್ತದೆ. ಟರ್ಬೋ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಪಂಪು) ಇಲ್ಲದ ಎಂಜಿನ್ನಿನಲ್ಲಿ ಒಂದು ಕಿಲೋಪಾಸ್ಕಲ್ ಎಂದರೆ ಹೆಚ್ಚುಕಡಿಮೆ ನೂರಕ್ಕೆ ಒಂದು ಪವರ್. ಅಂದರೆ ಫಿಲ್ಟರನ್ನೇ ಕಿತ್ತೆಸೆದು ಬರೀ ಬಾಯಿ ತೆರೆದು ಓಡಿಸಿದರೂ ಮರಳಿ ಸಿಗುವುದು ನೂರಕ್ಕೆ ಎರಡು-ಮೂರು. ಹೊಸ ಫಿಲ್ಟರಿಗೂ ತನ್ನದೇ ತಡೆ ಇರುತ್ತದೆ, ಆದ್ದರಿಂದ ಅಷ್ಟೂ ಸಿಗದು. ಇರುವ ನಷ್ಟಕ್ಕಿಂತ ಹೆಚ್ಚಿನ ಲಾಭವನ್ನು ಯಾವ ಪೈಪೂ ತಂದುಕೊಡಲಾರದು. 83 ಪಿಎಸ್‌ನ (ಒಂದು ಪಿಎಸ್ ಎಂದರೆ ಹೆಚ್ಚುಕಡಿಮೆ ಒಂದು ಹಾರ್ಸ್‌ಪವರ್) ಕಾರಿಗೆ 15 ಹಾರ್ಸ್‌ಪವರ್ ಕೊಡುತ್ತೇವೆ ಎಂದರೆ ಕಂಪನಿ ಎಂಜಿನಿಯರುಗಳು ನೂರಕ್ಕೆ ಹದಿನೆಂಟರಷ್ಟನ್ನು ಫಿಲ್ಟರ್ ಡಬ್ಬಿಯೊಳಗೆ ಮರೆತು ಬಿಟ್ಟಿದ್ದರು ಎಂದು ನಂಬಬೇಕು.

ನಂಬುವುದು ಬೇಡ, ಅಳೆದೇ ನೋಡಬಹುದು. ನಮ್ಮ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬಹುಪಾಲಿಗೆ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುತ್ತದೆ. ಸಾವಿರ ರೂಪಾಯಿ ಆಸುಪಾಸಿಗೆ ಸಿಗುವ ಕಾರಿನ ಸೆನ್ಸರುಗಳ ಅಂಕಿ ಓದುವ ಬ್ಲೂಟೂತ್ ಓಬಿಡಿ ಸ್ಕ್ಯಾನರನ್ನು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ, ಫೋನಿನ ಆ್ಯಪ್‌ನಲ್ಲಿ ಆ ಅಂಕಿ ತೆರೆಯಿರಿ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಆಗ ತೋರುವುದು ಹೊರಗಿನ ಗಾಳಿಯ ಒತ್ತಡ, ಬೆಂಗಳೂರಿನಲ್ಲಾದರೆ 91ರ ಆಸುಪಾಸು. ಆಮೇಲೆ ಖಾಲಿಯಿರುವ ಸುರಕ್ಷಿತ ಜಾಗದಲ್ಲಿ, ಪಕ್ಕದಲ್ಲಿ ಕೂತವರು ಫೋನ್ ನೋಡುತ್ತಿರಲಿ, ಎರಡನೇ ಗೇರಿನಲ್ಲಿ ಎಕ್ಸಲರೇಟರ್ ಪೂರ್ತಿ ತುಳಿದು ರೆಡ್‌ಲೈನ್ (ಆರ್‌ಪಿಎಂನ ಗರಿಷ್ಠ ಮಿತಿ) ಹತ್ತಿರ ಒಯ್ಯಿರಿ. ಅಲ್ಲಿ 88 ತೋರಿದರೆ ನಿಮ್ಮ ಕಾರಿನ ಒಟ್ಟು ನಷ್ಟ ಮೂರು ಕಿಲೋಪಾಸ್ಕಲ್, ಅದರಲ್ಲಿ ಎಕ್ಸಲರೇಟರಿಗೆ ತಕ್ಕಂತೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಪಾಲೂ ಸೇರಿದೆ. 84 ತೋರಿದರೆ ಎಲ್ಲೋ ನಿಜವಾಗಿಯೂ ಕಟ್ಟಿಕೊಂಡಿದೆ. ಮೊದಲು ಹಳೆಯ ಫಿಲ್ಟರು ಬದಲಿಸಿ ಮತ್ತೆ ಅಳೆಯಿರಿ.

ಟರ್ಬೋ ಕಾರಿನಲ್ಲಿ ಈ ಉಪಾಯ ನಡೆಯದು, ಏಕೆಂದರೆ ಮ್ಯಾಪ್ ತೋರುವುದು ಬೂಸ್ಟನ್ನು, ಅಂದರೆ ಟರ್ಬೋ ತುಂಬಿದ ಒತ್ತಡವನ್ನು. ಅಲ್ಲಿಗೆ ಹಳೆಯ ಯು-ಟ್ಯೂಬೇ ಸರಿ. ಅಕ್ವೇರಿಯಂಗೆ ಹಾಕುವ ಸಪೂರ ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಒಂದು ಹಲಗೆಗೆ ಕಟ್ಟಿ, ಕುಂಕುಮ ಕದಡಿದ ನೀರು ಅರ್ಧಕ್ಕೆ ತುಂಬಿ, ಒಂದು ತುದಿಯನ್ನು ಫಿಲ್ಟರಿಗೂ ಟರ್ಬೋಗೂ ನಡುವಿನ ಬ್ರೀದರ್ ಹೋಸಿಗೆ (ಎಂಜಿನ್ನಿನ ಎಣ್ಣೆ ಹಬೆ ಒಯ್ಯುವ ಕೊಳವೆ) ‘ಟಿ’ ಆಕಾರದ ಜೋಡಣೆ ಹಾಕಿ ಸೇರಿಸಬೇಕು. ಪೈಪು ಉದ್ದ ಇರಲಿ, ಹಲಗೆ ಕಾರಿನೊಳಗೆ ನೆಟ್ಟಗೆ ನಿಲ್ಲಬೇಕು. ಎರಡು ಕಾಲುಗಳ ನೀರಿನ ಮಟ್ಟದಲ್ಲಿ ಹತ್ತು ಸೆಂಟಿಮೀಟರ್ ವ್ಯತ್ಯಾಸ ಬಂದರೆ ಒಂದು ಕಿಲೋಪಾಸ್ಕಲ್.

ಸಿಕ್ಕುವ ಆ ನೂರಕ್ಕೆ ಮೂರಕ್ಕೆ ಬೆಲೆ ಕಟ್ಟುವುದು ಹೇಗೆ? 83 ಪಿಎಸ್‌ನಲ್ಲಿ ಅದು ಎರಡೂವರೆ ಪಿಎಸ್. ಎಸಿ ಕಂಪ್ರೆಸರ್ ಸುಡುಬಿಸಿಲಿನಲ್ಲಿ ಅದಕ್ಕಿಂತ ಹೆಚ್ಚು ತಿನ್ನುತ್ತದೆ, ಓವರ್‌ಟೇಕ್ ಮಾಡುವಾಗ ಎಸಿ ಆಫ್ ಮಾಡಿದರೆ ಬಿಡಿಗಾಸು ಖರ್ಚಿಲ್ಲದೆ ಅಷ್ಟು ದಕ್ಕುತ್ತದೆ. ಸಾವಿರ ಕೆಜಿಯ ಕಾರಿನ ಡಿಕ್ಕಿಯಿಂದ ಮೂವತ್ತು ಕೆಜಿ ಸಾಮಾನು ಇಳಿಸಿದರೂ ಪಿಕಪ್‌ನಲ್ಲಿ ಅದೇ ವ್ಯತ್ಯಾಸ. ಇನ್ನೊಂದು ಹೋಲಿಕೆ ನಮ್ಮ ನೆಲದ್ದೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟುವಷ್ಟರಲ್ಲಿ ಗಾಳಿಯ ಒತ್ತಡ 91ರಿಂದ 101ಕ್ಕೆ ಏರುತ್ತದೆ. ಕರಾವಳಿಯ ಸೆಕೆ ಒಂದೆರಡು ಅಂಶ ಕಸಿದುಕೊಂಡರೂ ಟರ್ಬೋ ಇಲ್ಲದ ಎಂಜಿನ್ನಿಗೆ ನೂರಕ್ಕೆ ಎಂಟು-ಒಂಬತ್ತು ಪವರ್ ಹೆಚ್ಚುತ್ತದೆ. ಕಾರು ‘ಊರಿಗೆ ಹೋದಾಗ ಚೆನ್ನಾಗಿ ಎಳೆಯುತ್ತೆ’ ಎನ್ನುವ ಮಂಗಳೂರಿನವರು ಊರಿನ ಅಭಿಮಾನದಿಂದಷ್ಟೇ ಹಾಗೆ ಹೇಳುವುದಲ್ಲ.

ಬಂಪರಿನ ಮುಂದೆ ಬಾಯಿಟ್ಟರೆ ವೇಗಕ್ಕೆ ಗಾಳಿ ತಾನಾಗಿ ನುಗ್ಗುತ್ತದೆ ಎಂಬ ‘ರ್‍ಯಾಮ್ ಏರ್’ ವಾದವನ್ನು ಒಂದೇ ಸಾಲಿನಲ್ಲಿ ಮುಗಿಸಬಹುದು: ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರುಗಾಳಿ ಒಡ್ಡುವ ಒತ್ತಡ ಅರ್ಧ ಕಿಲೋಪಾಸ್ಕಲ್ ಕೂಡ ಇಲ್ಲ.

ತಣ್ಣನೆಯ ಗಾಳಿ ಯಾರ ಬಳಿ ಇದೆ?

ಹೆಸರಿನಲ್ಲೇ ‘ಕೋಲ್ಡ್’ ಇದೆಯಲ್ಲ, ಅದರ ವಿಚಾರ ನೋಡೋಣ. ತಣ್ಣನೆಯ ಗಾಳಿ ದಟ್ಟ, ಅದರಲ್ಲಿ ಆಮ್ಲಜನಕ ಹೆಚ್ಚು. 25 ಡಿಗ್ರಿಯ ಗಾಳಿ 35ಕ್ಕೆ ಏರಿದರೆ ಸಾಂದ್ರತೆ ನೂರಕ್ಕೆ ಮೂರರಷ್ಟು ಇಳಿಯುತ್ತದೆ. ಆದರೆ ಗಾಳಿ ಬಿಸಿ ಮ್ಯಾನಿಫೋಲ್ಡ್, ಬಿಸಿ ವಾಲ್ವ್‌ಗಳನ್ನು ದಾಟುವಾಗ ಹೇಗೂ ಕಾಯುತ್ತದೆ, ತಂಪಾಗಿ ಬಂದದ್ದು ಇನ್ನೂ ಹೆಚ್ಚು ಕಾಯುತ್ತದೆ. ಹಾಗಾಗಿ ಹತ್ತು ಡಿಗ್ರಿಗೆ ಪವರ್‌ನಲ್ಲಿ ಕಾಣುವ ವ್ಯತ್ಯಾಸ ನೂರಕ್ಕೆ ಎರಡರ ಹತ್ತಿರ. ಡೈನೋ ಅಂಕಿಗಳನ್ನು ಹವಾಮಾನಕ್ಕೆ ಸರಿಹೊಂದಿಸುವ ಸೂತ್ರಗಳೂ ಇದೇ ಕಾರಣಕ್ಕೆ ಉಷ್ಣಾಂಶದ ವರ್ಗಮೂಲ ಹಿಡಿಯುತ್ತವೆ. ಜೊತೆಗೆ ಬಿಸಿ ಗಾಳಿಯಲ್ಲಿ ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿಯುವುದು) ಹತ್ತಿರವಾಗಿ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಸ್ಪಾರ್ಕ್ ಟೈಮಿಂಗ್ ಹಿಂದಕ್ಕೆ ಎಳೆದರೆ ಇನ್ನಷ್ಟು ನಷ್ಟ.

ಅಂದರೆ ತಂಪು ಗಾಳಿ ಬೇಕೇ ಬೇಕು. ಆದರೆ ಅದು ನಿಮ್ಮ ಕಾರಿಗೆ ಈಗಾಗಲೇ ಸಿಗುತ್ತಿದೆ. ಬಾನೆಟ್ ತೆರೆದು ಫಿಲ್ಟರ್ ಡಬ್ಬಿಯಿಂದ ಹೊರಟ ಪ್ಲಾಸ್ಟಿಕ್ ಸೊಂಡಿಲು ಎಲ್ಲಿಗೆ ಹೋಗಿದೆ ನೋಡಿ. ಈಗಿನ ಬಹುತೇಕ ಕಾರುಗಳಲ್ಲಿ ಅದು ಹೆಡ್‌ಲೈಟಿನ ಪಕ್ಕದಲ್ಲೋ, ಗ್ರಿಲ್ಲಿನ ಹಿಂದೆ ರೇಡಿಯೇಟರಿನ ಮೇಲಂಚಿನಲ್ಲೋ ಬಾಯಿ ತೆರೆದಿರುತ್ತದೆ. ಅಲ್ಲಿ ಬರುವುದು ಹೊರಗಿನ ಗಾಳಿಯೇ. ಡಬ್ಬಿಯ ಪ್ಲಾಸ್ಟಿಕ್ಕೂ ಜಿಪುಣತನದ ಗುರುತಲ್ಲ, ಅದು ಅಲ್ಯೂಮಿನಿಯಂಗಿಂತ ಎಷ್ಟೋ ನಿಧಾನವಾಗಿ ಶಾಖ ಒಳಬಿಡುತ್ತದೆ. ಪಕ್ಕದಲ್ಲಿ ಜೋತುಬಿದ್ದಿರುವ ಖಾಲಿ ಡಬ್ಬಿ ರೆಸೊನೇಟರ್, ಶಬ್ದದ ಕೆಲವು ತರಂಗಾಂತರಗಳನ್ನು ನುಂಗಲು ಇಟ್ಟದ್ದು. ಅದನ್ನು ತೆಗೆದೊಡನೆ ಎಂಜಿನ್ ಗುಟುರು ಹಾಕಿದಂತೆ ಕೇಳಿಸುತ್ತದೆ, ಕಿವಿ ‘ಜೋರಾಯಿತು’ ಎನ್ನುತ್ತದೆ, ಸ್ಟಾಪ್‌ವಾಚ್ ಮಾತ್ರ ಒಪ್ಪುವುದಿಲ್ಲ.

‘ಕೋಲ್ಡ್ ಏರ್’ ಹೆಸರಿನಲ್ಲಿ ಮಾರಾಟವಾಗುವುದರಲ್ಲಿ ದೊಡ್ಡ ಪಾಲು ಶಾರ್ಟ್ ರ್‍ಯಾಮ್: ಗಿಡ್ಡ ಪೈಪು, ಬಾನೆಟ್ ಒಳಗೇ ಬಯಲಾಗಿ ಕೂತ ಫಿಲ್ಟರು. ಹೊಸೂರು ರಸ್ತೆಯ ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ನಿಂತರೆ ಬಾನೆಟ್ ಒಳಗಿನ ಗಾಳಿ 60 ಡಿಗ್ರಿ ದಾಟುವುದು ವಿಶೇಷವೇನಲ್ಲ, ಆ ಫಿಲ್ಟರು ಎಳೆಯುವುದು ಅದನ್ನೇ. ಹೊರಗೆ 30 ಡಿಗ್ರಿ ಇದ್ದರೆ ಆ ಮೂವತ್ತು ಡಿಗ್ರಿಯ ವ್ಯತ್ಯಾಸಕ್ಕೆ ನೂರಕ್ಕೆ ಐದಾರು ಪವರ್ ಹೋಯಿತು. ಹೆದ್ದಾರಿಗೆ ಬಿದ್ದು ಗಾಳಿ ಆಡಿದ ಮೇಲೆ ಸ್ವಲ್ಪ ಸುಧಾರಿಸುತ್ತದೆ. ಡೈನೋ ಮೇಲೆ ಬಾನೆಟ್ ತೆರೆದು ಎದುರಿಗೆ ದೊಡ್ಡ ಫ್ಯಾನ್ ಇಟ್ಟು ಪರೀಕ್ಷಿಸುತ್ತಾರಲ್ಲ, ಅಲ್ಲಿ ಈ ದೋಷ ಮುಚ್ಚಿಹೋಗುತ್ತದೆ. ಡಬ್ಬಿಯ ಮೇಲಿನ ಗ್ರಾಫ್ ನೋಡುವಾಗ ಬಾನೆಟ್ ಮುಚ್ಚಿತ್ತೇ ತೆರೆದಿತ್ತೇ ಎಂದು ಕೇಳಿ. ಒಂದೇ ಕಾರನ್ನು ಒಂದೇ ಡೈನೋ ಮೇಲೆ ಎರಡು ಸಲ ಓಡಿಸಿದರೂ ನೂರಕ್ಕೆ ಒಂದೆರಡು ಆಚೀಚೆ ಬರುವುದು ಮಾಮೂಲು, ಹಾಗಾಗಿ ಒಂದೇ ಓಟದ ಎರಡು ಎಚ್‌ಪಿ ಪುರಾವೆಯಾಗದು.

ಮೈಲೇಜ್, ಟರ್ಬೋ, ಡೀಸೆಲ್

ಮೈಲೇಜ್ ಹೆಚ್ಚುತ್ತದೆ ಎಂಬುದು ಈ ವ್ಯಾಪಾರದ ಅತ್ಯಂತ ದುರ್ಬಲ ಮಾತು. ಪೆಟ್ರೋಲ್ ಕಾರಿನಲ್ಲಿ ಅರ್ಧ ಎಕ್ಸಲರೇಟರ್ ತುಳಿದು ಹೋಗುವಾಗ ಗಾಳಿಗೆ ನಿಜವಾದ ತಡೆ ಥ್ರಾಟಲಿನ ಚಿಟ್ಟೆ ಬಾಗಿಲು. ಐಡಲ್‌ನಲ್ಲಿ ಅದು ಅರವತ್ತು ಕಿಲೋಪಾಸ್ಕಲ್‌ನಷ್ಟು ತಡೆಯುತ್ತದೆ, ಅದರ ಮುಂದೆ ಫಿಲ್ಟರಿನದ್ದು ಯಾವ ಲೆಕ್ಕ? ಫಿಲ್ಟರು ಸಲೀಸಾದರೆ ಅದೇ ವೇಗಕ್ಕೆ ನಿಮ್ಮ ಕಾಲು ಬಾಗಿಲನ್ನು ಕೂದಲೆಳೆಯಷ್ಟು ಕಮ್ಮಿ ತೆರೆಯುತ್ತದೆ, ಅಷ್ಟೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನು ಪರೀಕ್ಷಿಸಿ ನೋಡಿತು. ಇಂಧನ ಇಂಜೆಕ್ಷನ್ ಇರುವ ಆಧುನಿಕ ಕಾರುಗಳಲ್ಲಿ ಫಿಲ್ಟರು ಕಟ್ಟಿಕೊಂಡಿದ್ದರೂ ಮೈಲೇಜ್ ಗಮನಾರ್ಹವಾಗಿ ಇಳಿಯಲಿಲ್ಲ, ಪಿಕಪ್ ಮಾತ್ರ ಕುಂದಿತು. ಕೊಳಕು ಫಿಲ್ಟರೇ ಮೈಲೇಜ್ ಕೆಡಿಸದಿದ್ದರೆ ದುಬಾರಿ ಫಿಲ್ಟರು ಅದನ್ನು ಹೆಚ್ಚಿಸುವುದೆಲ್ಲಿಂದ? ನೂರಕ್ಕೆ 20 ಎಥೆನಾಲ್ ಬೆರೆತ ಇ20 ಪೆಟ್ರೋಲ್ ಬಂದ ಮೇಲೆ ಇಳಿದ ಮೈಲೇಜಿಗೂ ಇದು ಮದ್ದಲ್ಲ. ಎಥೆನಾಲ್‌ನಲ್ಲಿ ಲೀಟರಿಗೆ ಶಕ್ತಿಯೇ ಕಡಿಮೆ, ಆ ಕೊರತೆ ಇರುವುದು ಟ್ಯಾಂಕಿನಲ್ಲಿ.

ಟರ್ಬೋ ಪೆಟ್ರೋಲ್ ಕಾರುಗಳ ಮಾತು ಸ್ವಲ್ಪ ಬೇರೆ. ಅಲ್ಲಿ ಇಸಿಯು ಇಂತಿಷ್ಟು ಬೂಸ್ಟ್ ಬೇಕೆಂದು ಗುರಿ ಇಟ್ಟುಕೊಂಡಿರುತ್ತದೆ. ಫಿಲ್ಟರಿನಲ್ಲಿ ಎರಡು ಕಿಲೋಪಾಸ್ಕಲ್ ಹೋದರೆ ಟರ್ಬೋವನ್ನು ಇನ್ನಷ್ಟು ತಿರುಗಿಸಿ ಸರಿಮಾಡಿಕೊಳ್ಳುತ್ತದೆ. ಒಳಬಂದ ಗಾಳಿ ಐದು ಡಿಗ್ರಿ ಬಿಸಿಯಿದ್ದರೆ ಟರ್ಬೋ ದಾಟಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಅದರಲ್ಲಿ ಬಹುಪಾಲು ತೆಗೆಯುತ್ತದೆ. ಹೀಗಾಗಿ ಸಾಫ್ಟ್‌ವೇರ್ ಮುಟ್ಟದ ಟರ್ಬೋ ಕಾರಿನಲ್ಲಿ ಇಂಟೇಕ್‌ನಿಂದ ಬರುವ ಲಾಭ ಇನ್ನೂ ಕಡಿಮೆ, ‘ಹುಶ್ಶ್’ ಎನ್ನುವ ಟರ್ಬೋ ಸದ್ದು ಮಾತ್ರ ಮೂರು ಪಟ್ಟು. ರೀಮ್ಯಾಪ್ ಮಾಡಿಸಿ (ಇಸಿಯು ಸಾಫ್ಟ್‌ವೇರ್ ಬದಲಿಸಿ) ಬೂಸ್ಟ್ ಏರಿಸಿದ ಮೇಲೆ, ದೊಡ್ಡ ಟರ್ಬೋ ಹಾಕಿದ ಮೇಲೆ ಕಥೆ ಬದಲಾಗುತ್ತದೆ. ಕಂಪನಿ ಡಬ್ಬಿ ಲೆಕ್ಕ ಹಾಕಿದ್ದು ಕಂಪನಿ ಎಂಜಿನ್ನಿನ ಗಾಳಿಗೆ. ಗಾಳಿ ನೂರಕ್ಕೆ ಮೂವತ್ತು ಹೆಚ್ಚಿದರೆ ಒತ್ತಡ ನಷ್ಟ ಹೆಚ್ಚುಕಡಿಮೆ ನೂರಕ್ಕೆ ಎಪ್ಪತ್ತು ಹೆಚ್ಚುತ್ತದೆ. ಇಂಟೇಕ್ ತನ್ನ ದುಡ್ಡಿಗೆ ನ್ಯಾಯ ಒದಗಿಸುವುದು ಅಲ್ಲಿ. ಡೀಸೆಲ್‌ನಲ್ಲಂತೂ ಗಾಳಿ ಮೊದಲೇ ಬೇಕಾದ್ದಕ್ಕಿಂತ ಹೆಚ್ಚಿರುತ್ತದೆ, ಪವರ್ ನಿರ್ಧರಿಸುವುದು ಚಿಮ್ಮಿದ ಡೀಸೆಲ್.

ಮಾಸ್ ಏರ್ ಫ್ಲೋ ಸೆನ್ಸರ್ ಇರುವ ಕಾರಿನಲ್ಲಿ ಇನ್ನೊಂದು ತೊಡಕು. ಈ ಸೆನ್ಸರಿನ ಬಿಸಿ ತಂತಿ ತನ್ನ ಮೇಲೆ ಹಾದುಹೋದ ಗಾಳಿಯಿಂದ ಎಷ್ಟು ತಣಿಯಿತು ಎಂಬುದರಿಂದ ಇಡೀ ಪೈಪಿನ ಗಾಳಿಯನ್ನು ಊಹಿಸುತ್ತದೆ. ಪೈಪಿನ ಅಳತೆ 60 ಮಿ.ಮೀ. ಎಂದು ಇಸಿಯು ನಂಬಿದೆ. ನೀವು 65 ಮಿ.ಮೀ. ಪೈಪು ಹಾಕಿದಿರಿ. ಅಡ್ಡಕೊಯ್ತ ನೂರಕ್ಕೆ 17 ಹೆಚ್ಚಾಯಿತು, ಗಾಳಿಯ ವೇಗ ಇಳಿಯಿತು, ಇಸಿಯು ಬಂದ ಗಾಳಿಯನ್ನು ನೂರಕ್ಕೆ ಹದಿನೈದು ಕಮ್ಮಿ ಎಂದು ಓದಿ ಪೆಟ್ರೋಲನ್ನೂ ಕಮ್ಮಿ ಮಾಡುತ್ತದೆ. ಸಾಧಾರಣ ಓಟದಲ್ಲಿ ಹೊಗೆ ಕೊಳವೆಯ ಆಕ್ಸಿಜನ್ ಸೆನ್ಸರ್ ನೋಡಿ ತಿದ್ದಿಕೊಳ್ಳುತ್ತದೆ. ಪೂರ್ತಿ ತುಳಿದಾಗ ಆ ತಿದ್ದುಪಡಿ ಭರವಸೆಯದ್ದಲ್ಲ. ಇಲ್ಲೊಂದು ಚಮತ್ಕಾರವೂ ಅಡಗಿದೆ. ಎಂಜಿನ್ ತಂಪಾಗಿರಲೆಂದು ಕಂಪನಿಗಳು ಪೂರ್ತಿ ಥ್ರಾಟಲಿನಲ್ಲಿ ಪೆಟ್ರೋಲನ್ನು ತುಸು ಹೆಚ್ಚೇ ಕೊಡುವ ಕಾರುಗಳಲ್ಲಿ ಅದನ್ನು ಸ್ವಲ್ಪ ಕಡಿತಗೊಳಿಸಿದರೆ ಡೈನೋ ಮೇಲೆ ಒಂದೆರಡು ಎಚ್‌ಪಿ ಏರುತ್ತದೆ. ಅದು ಪೈಪು ತಂದ ಗಾಳಿಯ ಪವರ್ ಅಲ್ಲ, ಎಂಜಿನ್ನಿನ ರಕ್ಷಣೆಗೆಂದು ಇಟ್ಟ ಪೆಟ್ರೋಲನ್ನು ಕದ್ದು ಕೊಟ್ಟ ಪವರ್.

ಧೂಳು, ನೀರು, ಕಾನೂನು

ನಮ್ಮ ರಸ್ತೆಗಳಲ್ಲಿ ಫಿಲ್ಟರಿನ ಮೊದಲ ಕೆಲಸ ಧೂಳು ತಡೆಯುವುದು. ಫಿಲ್ಟರುಗಳನ್ನು ಅಳೆಯುವ ಮಾನಕ ಐಎಸ್‌ಒ 5011. ಒಳ್ಳೆಯ ಕಾಗದದ ಫಿಲ್ಟರು ಆ ಪರೀಕ್ಷೆಯಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಪಾಲು ಧೂಳು ಹಿಡಿಯುತ್ತದೆ. ಎಣ್ಣೆ ಸವರಿದ ಹತ್ತಿಬಟ್ಟೆಯದ್ದು ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ. 99 ಮತ್ತು 97ರ ನಡುವೆ ವ್ಯತ್ಯಾಸ ಎರಡೇ ಅನ್ನಿಸುತ್ತದೆ, ಆದರೆ ಒಳಹೋಗುವ ಧೂಳನ್ನು ನೋಡಿದರೆ ಒಂದಕ್ಕೆ ಮೂರು. ಗದಗ, ಕೊಪ್ಪಳದ ಕಡೆಯ ಕಚ್ಚಾ ರಸ್ತೆಯಲ್ಲಿ ಲಾರಿಯ ಹಿಂದೆ ಹೋಗುವ ಕಾರಿಗೆ ಇದು ಸಣ್ಣ ವಿಷಯವಲ್ಲ: ಮರಳಿನ ಆ ಸಿಲಿಕಾ ಕಣಗಳು ಪಿಸ್ಟನ್ ರಿಂಗನ್ನೂ ಸಿಲಿಂಡರಿನ ಗೋಡೆಯನ್ನೂ ಸಾಣೆ ಹಿಡಿದಂತೆ ಸವೆಸುತ್ತವೆ. ಫಿಲ್ಟರು ದಾಟಿದ ಮೇಲಿನ ಪೈಪಿನ ಒಳಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಕೆಂಪು ಹುಡಿ ಅಂಟಿದರೆ ಆ ಫಿಲ್ಟರು ಆ ಕಾರಿನಲ್ಲಿ ಇರಬಾರದು.

ನೀರಿನ ಅಪಾಯ ಇನ್ನೂ ದೊಡ್ಡದು. ನಿಜವಾಗಿ ತಣ್ಣನೆಯ ಗಾಳಿ ಬೇಕೆಂದು ಫಿಲ್ಟರನ್ನು ಬಂಪರಿನ ಕೆಳಮೂಲೆಗೆ ಇಳಿಸುವ ಉದ್ದ ಪೈಪಿನ ಕಿಟ್‌ಗಳಿವೆ. ನೆಲದಿಂದ ಒಂದಡಿ ಎತ್ತರ. ಮಳೆಗಾಲದ ಒಂದು ಸಂಜೆ ಅಂಡರ್‌ಪಾಸ್‌ನಲ್ಲಿ ಮೊಣಕಾಲುದ್ದ ನೀರು ನಿಂತಿದ್ದರೆ ಅದು ಹೀರುವುದು ನೀರನ್ನು. ನೀರು ಕುಗ್ಗದು. ಪಿಸ್ಟನ್ ಮೇಲೆ ಬರುತ್ತದೆ, ನೀರು ಜಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ಎಂಜಿನ್ ಬಂದ್ ಆದರೆ ಮತ್ತೆ ಸ್ವಿಚ್ ತಿರುಗಿಸಲೇಬೇಡಿ, ಎಳೆಸಿಕೊಂಡು ಹೋಗಿ. ಸಾಮಾನ್ಯ ವಿಮೆ ಈ ಹೈಡ್ರೋಲಾಕ್ ಹಾನಿಯನ್ನು ಕೊಡುವುದಿಲ್ಲ, ಎಂಜಿನ್ ಪ್ರೊಟೆಕ್ಷನ್ ಆ್ಯಡ್-ಆನ್ ಬೇಕು. ಅದಿದ್ದರೂ, ತಿಳಿಸದೆ ಮಾಡಿಸಿದ ಮಾಡಿಫಿಕೇಶನ್ ಸರ್ವೇಯರ್ ಕಣ್ಣಿಗೆ ಬಿದ್ದರೆ ತಕರಾರು ಏಳುತ್ತದೆ.

ಕಾನೂನಿನಲ್ಲಿ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು ನಿಷೇಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ(4) ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕಂಪನಿ ಡಬ್ಬಿಯೊಳಗೇ ಕೂರುವ ಬದಲಿ ಫಿಲ್ಟರು ಈ ಗೊಡವೆಗೆ ಸಿಗುವುದು ಕಷ್ಟ. ಪೂರ್ತಿ ಪೈಪು ಬದಲಿಸಿದರೆ ವಾರಂಟಿ ತಗಾದೆಯಂತೂ ಇದ್ದೇ ಇದೆ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರು ಇನ್ನೂ ಎಚ್ಚರದಿಂದಿರಬೇಕು: ಅಲ್ಲಿನ ವಾಯು ಸಂಪನ್ಮೂಲ ಮಂಡಳಿ ಕೊಟ್ಟ ಇಒ (ಅನುಮತಿ ಆದೇಶ) ಸಂಖ್ಯೆ ಇಲ್ಲದ ಇಂಟೇಕ್ ಕಂಡರೆ ಸ್ಮಾಗ್ ತಪಾಸಣೆಯಲ್ಲಿ ಕಾರು ನಪಾಸು, ಹೊಗೆ ಎಷ್ಟೇ ಶುದ್ಧವಿರಲಿ.

ಹಾಕಿಸಲೇಬೇಕೆಂದಿದ್ದರೆ

ಸದ್ದಿಗಾಗಿ ಹಾಕಿಸುತ್ತೇನೆ ಎಂದರೆ ತಪ್ಪೇನಿಲ್ಲ, ಅದು ಪ್ರಾಮಾಣಿಕ ಕಾರಣ. ಮುಚ್ಚಿದ ಡಬ್ಬಿಯಿರುವ ಕಿಟ್ಟನ್ನೇ ಆರಿಸಿ, ಬಯಲು ಫಿಲ್ಟರ್ ಬೇಡ. ಮಾಸ್ ಏರ್ ಫ್ಲೋ ಸೆನ್ಸರ್ ಕೂರುವ ಭಾಗದ ಒಳವ್ಯಾಸ ಮೂಲದಷ್ಟೇ ಇರಬೇಕು, ವರ್ನಿಯರ್ ಹಿಡಿದು ನೋಡಿ. ಸೆನ್ಸರಿನ ಮೇಲಿನ ಬಾಣ ಗಾಳಿ ಹೋಗುವ ದಿಕ್ಕಿಗಿರಲಿ, ಬಾಗಿದ ಜಾಗದ ಮಗ್ಗುಲಲ್ಲೇ ಸೆನ್ಸರ್ ಬರದಿರಲಿ. ಕ್ಲ್ಯಾಂಪು ಬಿಗಿಯುವಾಗ ಸಿಲಿಕಾನ್ ಹೋಸ್ ಉಬ್ಬಿ ಹೊರಬರುವಷ್ಟು ತಿರುಗಿಸಿದರೆ ಅಲ್ಲೇ ಕತ್ತರಿಸುತ್ತದೆ. ಬ್ರೀದರ್ ಹೋಸನ್ನು ಸುಮ್ಮನೆ ಬಿಟ್ಟು ತುದಿಗೆ ಪುಟ್ಟ ಫಿಲ್ಟರ್ ಸಿಕ್ಕಿಸುವ ಚಾಳಿ ಇದೆ, ಅದಕ್ಕೆ ಒಪ್ಪಬೇಡಿ. ಎಣ್ಣೆ ಹಬೆ ಬಾನೆಟ್ ಒಳಗೆ ಹರಡುವುದಲ್ಲದೆ ಅಳತೆಗೆ ಸಿಗದ ಗಾಳಿಯೂ ಒಳಸೇರುತ್ತದೆ.

ಹಾಕಿಸಿ ಇನ್ನೂರು ಕಿ.ಮೀ. ಓಡಿಸಿದ ಮೇಲೆ ಅದೇ ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ನೂರಕ್ಕೆ ಎಷ್ಟು ತಿದ್ದುತ್ತಿದೆ ಎಂಬ ಅಂಕಿ, ನೋಡಿ. ಮೊದಲಿದ್ದುದಕ್ಕಿಂತ ಐದರೊಳಗೆ ಬದಲಾಗಿದ್ದರೆ ಚಿಂತೆಯಿಲ್ಲ. +10 ದಾಟಿದರೆ ಸೋರಿಕೆಯೋ ತಪ್ಪು ವ್ಯಾಸವೋ ಇದೆ, ಸ್ವಲ್ಪ ದಿನದಲ್ಲಿ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಎನ್ನುವ ಪಿ0171 ಕೋಡಿನೊಂದಿಗೆ ಚೆಕ್ ಎಂಜಿನ್ ದೀಪ ಹತ್ತುತ್ತದೆ. ಎಣ್ಣೆಯ ಫಿಲ್ಟರು ತೊಳೆದರೆ ನೆರಳಲ್ಲಿ ರಾತ್ರಿಯಿಡೀ ಒಣಗಲಿ. ಕಂಪ್ರೆಸರ್ ಗಾಳಿ ಹೊಡೆದರೆ ಬಟ್ಟೆಯ ಎಳೆ ಸಡಿಲವಾಗುತ್ತದೆ, ಪೆಟ್ರೋಲಿನಲ್ಲಂತೂ ಅದ್ದಲೇಬೇಡಿ. ಒಂದೊಂದು ಮಡಿಕೆಗೆ ಒಂದೇ ಗೆರೆ ಎಣ್ಣೆ, ಇಪ್ಪತ್ತು ನಿಮಿಷ ಬಿಟ್ಟು ಬಿಳಿಯಾಗಿ ಉಳಿದ ಕಡೆ ಮಾತ್ರ ಇನ್ನೊಂದು ಹನಿ. ಹೆಚ್ಚಾದ ಎಣ್ಣೆ ಸೆನ್ಸರಿನ ತಂತಿಗೆ ಅಂಟುತ್ತದೆ.

ಇದ್ಯಾವುದೂ ಬೇಡ, ಕಾರು ಮೊದಲಿನಂತೆ ಎಳೆಯುತ್ತಿಲ್ಲ ಅಷ್ಟೆ ಎನ್ನುವವರು ಕಂಪನಿ ಡಬ್ಬಿಯನ್ನೇ ಒಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು. ಸಣ್ಣ ಕಾರಿನ ಕಾಗದದ ಫಿಲ್ಟರಿಗೆ ಐನೂರು ರೂಪಾಯಿ ಸಾಕು. ವಾರಗಟ್ಟಲೆ ನಿಂತ ಕಾರುಗಳ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿರುವುದು, ಗುಲ್‌ಮೊಹರ್ ಎಲೆ ತುಂಬಿರುವುದು ಅಪರೂಪವೇನಲ್ಲ. ಮುಚ್ಚಳದ ಕ್ಲಿಪ್ ಒಂದು ಸರಿಯಾಗಿ ಕೂರದಿದ್ದರೆ ಧೂಳು ಫಿಲ್ಟರಿಗೆ ಸಲಾಂ ಹೊಡೆದು ಪಕ್ಕದಿಂದ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಸೊಂಡಿಲು ಇದೆಯೇ ನೋಡಿ. ಬಂಪರ್ ರಿಪೇರಿಗೆ ಬಿಚ್ಚಿದಾಗ ಅದನ್ನು ತೆಗೆದು ಪಕ್ಕಕ್ಕಿಟ್ಟು ಮತ್ತೆ ಹಾಕದೆ ಕಳಿಸುವುದುಂಟು. ಆಗ ಕಂಪನಿ ಡಬ್ಬಿಯೂ ರೇಡಿಯೇಟರಿನ ಹಿಂದಿನ ಬಿಸಿ ಗಾಳಿಯನ್ನೇ ಕುಡಿಯುತ್ತಿರುತ್ತದೆ. ಸೊಂಡಿಲನ್ನು ಅದರ ಜಾಗಕ್ಕೆ ಕೂರಿಸಲು ಬೇಕಾದದ್ದು ಎರಡು ಪ್ಲಾಸ್ಟಿಕ್ ಕ್ಲಿಪ್ಪು, ಹತ್ತು ನಿಮಿಷ.